ಮೂರು ಮಿಲಿಮೀಟರು

ಅವನ ಕಷ್ಟಕ್ಕೆಲ್ಲ ಮೂಲ ಒಂದು ಸೊನ್ನೆ. ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಆದರೆ ಹಾಜರಿ ಕೂಗುವವರನ್ನು ಬಿಟ್ಟರೆ ಇಡೀ ಕಾಲೇಜಿನಲ್ಲಿ ಅದನ್ನು ಬಳಸುವವರೇ ಇರಲಿಲ್ಲ. ಎಲ್ಲರ ಬಾಯಲ್ಲೂ ಅವನು 'ಸೊನ್ನೆ'. ಪರೀಕ್ಷೆಯಲ್ಲಿ ಸೊನ್ನೆ ತೆಗೆದು ಬಂದ ಹೆಸರಲ್ಲ ಅದು. ಸೊನ್ನೆ ಬರಬಾರದ ಕಡೆ ಸೊನ್ನೆ ತಂದು ಸಂಪಾದಿಸಿದ್ದು.

ಸಿವಿಲ್ ಇಂಜಿನಿಯರಿಂಗಿನ ಎರಡನೇ ವರ್ಷದಲ್ಲಿ ಸರ್ವೇ ಪ್ರಾಕ್ಟಿಕಲ್ ಎಂದು ಒಂದಿರುತ್ತದೆ. ಈಗಿನ ಹುಡುಗರು ಗುಂಡಿ ಒತ್ತಿದರೆ ಯಂತ್ರವೇ ಉಬ್ಬುತಗ್ಗು ಹೇಳಿಬಿಡುತ್ತದೆ. ಆಗ ಹಾಗಿರಲಿಲ್ಲ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಹಿತ್ತಾಳೆಯ ದುರ್ಬೀನು ಕೂರಿಸಬೇಕು, ಅದರ ಗಾಜಿನೊಳಗಿನ ಗಾಳಿಗುಳ್ಳೆಯನ್ನು ಮುದ್ದು ಮಾಡಿ ನಡುಮಧ್ಯಕ್ಕೆ ತರಬೇಕು, ಆಮೇಲೆ ದೂರದಲ್ಲಿ ಇನ್ನೊಬ್ಬ ನೆಟ್ಟಗೆ ಹಿಡಿದು ನಿಂತ ಉದ್ದನೆಯ ಅಳತೆಪಟ್ಟಿಯ ಅಂಕಿ ಓದಬೇಕು. ಪಟ್ಟಿಗೆ ಸ್ಟಾಫು ಅನ್ನುತ್ತಿದ್ದರು. ಹಿಂದಕ್ಕೆ ನೋಡಿ ಒಂದು ಅಂಕಿ, ಮುಂದಕ್ಕೆ ನೋಡಿ ಒಂದು ಅಂಕಿ, ಮತ್ತೆ ಯಂತ್ರ ಹೆಗಲಿಗೆ. ಹೀಗೆ ಬೀದಿಯೆಲ್ಲ ಸುತ್ತಿ, ಹೊರಟ ಕಲ್ಲಿಗೇ ವಾಪಸು ಬಂದರೆ ಹಿಂದಿನ ಅಂಕಿಗಳ ಮೊತ್ತವೂ ಮುಂದಿನ ಅಂಕಿಗಳ ಮೊತ್ತವೂ ಒಂದೇ ಆಗಬೇಕು. ಆಗಬೇಕು, ಆದರೆ ಆಗುವುದಿಲ್ಲ. ಗಾಳಿಗೆ ಸ್ಟಾಫು ಓಲಾಡುತ್ತದೆ, ಬಿಸಿಲಿಗೆ ಕಣ್ಣು ಮಂಜಾಗುತ್ತದೆ, ಎಲ್ಲೋ ಎರಡು ಮೂರು ಮಿಲಿಮೀಟರು ಸೋರಿಹೋಗುತ್ತದೆ. ಅಷ್ಟು ತಪ್ಪು ಇದ್ದರೇ ಹುಡುಗ ನಿಜವಾಗಿ ಬಿಸಿಲಲ್ಲಿ ನಿಂತಿದ್ದ ಎಂದು ಅರ್ಥ.

ನಮ್ಮ ಸೊನ್ನೆ ನಿಂತಿರಲಿಲ್ಲ. ಹಾಸ್ಟೆಲಿನ ಮಂಚದ ಮೇಲೆ ಅಂಗಾತ ಮಲಗಿ ಅಂಕಿಗಳನ್ನು ಹುಟ್ಟಿಸಿದ್ದ. ಸ್ವಭಾವದಲ್ಲಿ ಅಚ್ಚುಕಟ್ಟಿನವನಾದ್ದರಿಂದ ಎರಡೂ ಮೊತ್ತವನ್ನು ಕೂದಲೆಳೆ ವ್ಯತ್ಯಾಸವಿಲ್ಲದೆ ಸಮ ಮಾಡಿ ಕೊಟ್ಟುಬಿಟ್ಟಿದ್ದ. ತಪ್ಪು ಎಷ್ಟು ಎಂಬ ಜಾಗದಲ್ಲಿ ದುಂಡಗೆ ಒಂದು ಸೊನ್ನೆ.

ಸರ್ವೇ ಮೇಷ್ಟ್ರು ಆ ಸೊನ್ನೆಯನ್ನು ಇಡೀ ತರಗತಿಗೆ ತೋರಿಸಿದರು. ಅವರು ಯಾವತ್ತೂ ದನಿ ಏರಿಸಿದವರಲ್ಲ. ಅದೇ ಅವರ ಅಪಾಯ.

"ಇಷ್ಟು ವರ್ಷದಿಂದ ಲೆವೆಲ್ ನೋಡ್ತಿದೀನಿ, ನನಗೇ ಒಂದ್ಸಲಾನೂ ಸೊನ್ನೆ ಬಂದಿಲ್ಲ. ಸೊನ್ನೆ ಬಂತು ಅಂದ್ರೆ ಒಂದೋ ದೇವರು ಅಳೆದಿರಬೇಕು, ಇಲ್ಲಾ ಮಂಚದ ಮೇಲೆ ಮಲಗಿ ಬರೆದಿರಬೇಕು. ನಿನ್ನ ನೋಡಿದ್ರೆ ದೇವರ ಥರ ಕಾಣಲ್ಲ."

ಅವತ್ತಿನಿಂದ ಹೆಸರು ಅಂಟಿತು. ಹೆಸರಿನ ಜೊತೆ ಶಿಕ್ಷೆಯೂ ಬಂತು. ಶನಿವಾರ ಸಂಜೆ ಕಾಲೇಜು ಮುಚ್ಚುವುದರೊಳಗೆ, ಗೇಟಿನ ಕಲ್ಲಿನಿಂದ ಹೊರಟು ಹಿಂದಿನ ಬೀದಿಯುದ್ದಕ್ಕೂ ಹೋಗಿ ನೀರಿನ ಟ್ಯಾಂಕು ಮುಟ್ಟಿ ವಾಪಸು ಬರಬೇಕು, ಅದೂ ನಿಜವಾಗಿ. ಇಲ್ಲದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ, ವರ್ಷ ಹೋಯಿತು.

ವರ್ಷ ಹೋಯಿತು ಅಂದರೆ ಏನಾಗುತ್ತದೆ ಎಂಬುದು ಸೊನ್ನೆಗೆ ಚೆನ್ನಾಗಿ ಗೊತ್ತಿತ್ತು. ಅವನ ಸೋದರಮಾವನಿಗೆ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಮರದ ಸ್ಟೂಲು. ಅವನನ್ನು ಇಂಜಿನಿಯರಿಂಗಿಗೆ ಸೇರಿಸಿದ ದಿನವೇ ಮಾವ ಆ ಸ್ಟೂಲಿನ ಧೂಳು ಒರೆಸಿ, "ಇದು ಇಲ್ಲೇ ಇರತ್ತೆ, ಯಾರನ್ನೂ ಕೂರಿಸಲ್ಲ" ಅಂದಿದ್ದ. ಒಂದು ವರ್ಷ ಫೇಲಾದರೆ ಬಂದು ಮೊಳೆ ತೂಗಬೇಕು ಎಂದು ಅಪ್ಪನೂ ಮಾವನೂ ಒಪ್ಪಂದ ಮಾಡಿಕೊಂಡಿದ್ದರು. ಅಮ್ಮ ಮಾತ್ರ ಆಗಲೇ ನೆಂಟರ ಮುಂದೆಲ್ಲ "ನಮ್ಮ ಇಂಜಿನಿಯರು" ಎನ್ನುತ್ತಿದ್ದಳು. ಆ ಸ್ಟೂಲು ಸೊನ್ನೆಯ ಕನಸಿನಲ್ಲಿ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಹಾಸ್ಟೆಲಿಗೆ ಹಾಸ್ಟೆಲೇ ಮ್ಯಾಚು ನೋಡಲು ಹೊರಟಿತ್ತು. ಸ್ಟಾಫು ಹಿಡಿಯಲು ಬರುತ್ತೇನೆಂದು ಮಾತು ಕೊಟ್ಟಿದ್ದ ರೂಮ್‌ಮೇಟು ಬಾಗಿಲಲ್ಲಿ ನಿಂತು ಷೂ ಕಟ್ಟಿಕೊಳ್ಳುತ್ತಾ ಹಿತವಚನ ಹೇಳಿದ.

"ಲೇ, ಹೋದ್ಸಲ ನೀನು ಮಾಡಿದ ತಪ್ಪು ಏನ್ ಗೊತ್ತಾ? ತಪ್ಪೇ ಮಾಡದೆ ಇದ್ದಿದ್ದು. ಈ ಸಲ ಮೂರು ಮಿಲಿಮೀಟರ್ ಇಡು. ಕಣ್ಣು ಮುಚ್ಕೊಂಡು ನಂಬ್ತಾರೆ."

ಬೇಡ, ಈ ಸಲ ನ್ಯಾಯವಾಗಿಯೇ ಮಾಡುತ್ತೇನೆ ಎಂದು ಸೊನ್ನೆ ಎದೆ ಸೆಟೆಸಿದ. ರೂಮ್‌ಮೇಟು ಅವನನ್ನು ಕಾಯಿಲೆಯವನನ್ನು ನೋಡುವಂತೆ ನೋಡಿ ಹೊರಟುಹೋದ.

ಸರ್ವೇ ಸಾಮಾನಿನ ಕೋಣೆಗೆ ಒಂದು ವಾಸನೆಯಿತ್ತು. ಹಿತ್ತಾಳೆ, ಎಣ್ಣೆ, ಹಳೇ ಮರ, ಮಣ್ಣು ಮೆತ್ತಿದ ಸರಪಳಿ, ಎಲ್ಲ ಕಲಸಿದ ವಾಸನೆ. ಆ ಕಾಲೇಜಿನಲ್ಲಿ ಓದಿದವರು ಎಷ್ಟು ಮುದುಕರಾದರೂ ಅದನ್ನು ಮರೆತಿಲ್ಲ. ಅಲ್ಲಿಂದ ಸೊನ್ನೆ ಒಂದು ಹೆಗಲಿಗೆ ಸ್ಟ್ಯಾಂಡು, ಇನ್ನೊಂದಕ್ಕೆ ಸ್ಟಾಫು, ಕೈಯಲ್ಲಿ ಯಂತ್ರದ ಪೆಟ್ಟಿಗೆ ಹಿಡಿದು ಹೊರಟ. ಹಿಂದಿನಿಂದ ನೋಡಿದರೆ ಮನೆ ಖಾಲಿ ಮಾಡಿಕೊಂಡು ಹೋಗುತ್ತಿರುವವನ ಹಾಗಿದ್ದ.

ಗೇಟಿನ ಕಲ್ಲಿನಿಂದ ಸ್ವಲ್ಪ ದೂರ, ಸೈಕಲ್ ಶಾಪಿನ ಮುಂದೆ ಸ್ಟ್ಯಾಂಡು ಊರಿದ. ಊರಿ ತಲೆ ಎತ್ತುವಷ್ಟರಲ್ಲಿ ಸೈಕಲ್ ಶಾಪಿನವನು ಟ್ಯೂಬನ್ನು ನೀರಿನ ಬೋಗುಣಿಯಲ್ಲೇ ಬಿಟ್ಟು ಎದ್ದು ಬಂದಿದ್ದ. ಎದುರು ಮನೆಯ ಜಗಲಿಯಿಂದ ರಿಟೈರ್ಡ್ ಪೋಸ್ಟ್‌ಮಾಸ್ಟರು ಕೊಡೆಯೂರಿಕೊಂಡು ಇಳಿದರು. ಅದರಾಚೆಯ ಹೊಲಿಗೆ ಅಂಗಡಿಯಲ್ಲಿ ಮಿಷನ್ನಿನ ಸದ್ದು ನಿಂತು, ಟೈಲರಕ್ಕ ಕತ್ತಿಗೆ ಟೇಪು ಹಾಕಿಕೊಂಡೇ ಹೊರಗೆ ಬಂದಳು.

ಈ ಬೀದಿಯವರಿಗೆ ಮೂರು ಕಾಲಿನ ಸ್ಟ್ಯಾಂಡು ಕಂಡರೆ ಆಗುತ್ತಿರಲಿಲ್ಲ. ಹಿಂದೊಮ್ಮೆ ಪಕ್ಕದ ಬೀದಿಯಲ್ಲಿ ಇಂಥದೇ ಒಂದು ಬಂದು ನಿಂತಿತ್ತಂತೆ. ಅದು ಹೋದ ಮೇಲೆ ರಸ್ತೆ ಅಗಲ ಮಾಡುವವರು ಬಂದು ಎಲ್ಲರ ಮನೆ ಮುಂದಿನ ಮೆಟ್ಟಿಲು ಕಿತ್ತುಕೊಂಡು ಹೋದರಂತೆ. ಅಲ್ಲಿಯ ಜನ ಇವತ್ತಿಗೂ ಮನೆಯೊಳಕ್ಕೆ ಹತ್ತುವುದಿಲ್ಲ, ಹಾರುತ್ತಾರೆ.

"ಏನಪ್ಪಾ, ರೋಡಾ?" ಎಂದಳು ಟೈಲರಕ್ಕ.

"ಇಲ್ಲಕ್ಕ, ನಾನು ಸ್ಟೂಡೆಂಟು. ಸುಮ್ನೆ ಪ್ರಾಕ್ಟೀಸು."

"ಪಕ್ಕದ ಬೀದಿಗೆ ಬಂದವನೂ ಸುಮ್ನೆ ಅಂತಲೇ ಅಂದಿದ್ದ."

ಗುರುತಿನ ಚೀಟಿ ತೋರಿಸಿದ. ಪೋಸ್ಟ್‌ಮಾಸ್ಟರು ಅದನ್ನು ಬಿಸಿಲಿಗೆ ಹಿಡಿದು ನೋಡಿ, ಇಂಥ ಚೀಟಿ ಎಷ್ಟು ಬೇಕಾದರೂ ಮಾಡಿಸಬಹುದು ಎಂದು ತೀರ್ಪು ಕೊಟ್ಟರು. ನಿಜ ಹೇಳಿ ನಂಬಿಸಲು ಇಷ್ಟು ಕಷ್ಟಪಟ್ಟದ್ದು ಸೊನ್ನೆಯ ಬಾಳಿನಲ್ಲಿ ಅದೇ ಮೊದಲು. ಅಭ್ಯಾಸವೂ ಇರಲಿಲ್ಲ.

ಕೊನೆಗೆ ಬೀದಿ ಒಂದು ನಿರ್ಧಾರಕ್ಕೆ ಬಂತು. ಅಳೆಯುವುದಾದರೆ ಅಳೆಯಲಿ, ಆದರೆ ಎಲ್ಲರ ಕಣ್ಣೆದುರಿಗೆ ಅಳೆಯಲಿ. ಸ್ಟಾಫನ್ನು ಪೋಸ್ಟ್‌ಮಾಸ್ಟರು ಹಿಡಿಯುತ್ತಾರೆ. ಹುಡುಗ ಓದಿದ ಅಂಕಿಯನ್ನು ಸೈಕಲ್ ಶಾಪಿನವನು ತಾನೂ ದುರ್ಬೀನಿನಲ್ಲಿ ಇಣುಕಿ ಸರಿಯೋ ತಪ್ಪೋ ನೋಡುತ್ತಾನೆ. ನೋಡಿ ಜೋರಾಗಿ ಕೂಗುತ್ತಾನೆ. ಕೂಗಿದ್ದನ್ನು ಟೈಲರಕ್ಕ ತನ್ನ ಅಂಗಡಿಯ ಪಕ್ಕದ ಗೋಡೆಯ ಮೇಲೆ ಬರೆದಿಡುತ್ತಾಳೆ. ನಾಳೆ ಇವನು ಅಂಕಿ ತಿರುಚಿ ಯಾರ ಮೆಟ್ಟಿಲಿಗಾದರೂ ಕೈ ಹಾಕಿದರೆ ಗೋಡೆ ಸಾಕ್ಷಿ ಹೇಳುತ್ತದೆ.

ಒಬ್ಬರು ಅಳೆದು ಕೂಗಿದ್ದನ್ನು ಬರೆದುಕೊಳ್ಳುವುದು ಟೈಲರಕ್ಕನಿಗೆ ಹೊಸದೇನಲ್ಲ, ದಿನಾ ಅದೇ ಕೆಲಸ. ಸೊಂಟದಿಂದ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ಬಿಲ್ಲೆ ತೆಗೆದು, ಗೋಡೆಯ ಮೇಲೆ ನೆಟ್ಟಗೊಂದು ಗೆರೆ ಎಳೆದು, ಒಂದು ಕಡೆ 'ಹಿಂದೆ', ಇನ್ನೊಂದು ಕಡೆ 'ಮುಂದೆ' ಎಂದು ಬರೆದಳು. ರವಿಕೆಗೂ ಅವಳು ಹಾಗೇ ಬರೆಯುತ್ತಿದ್ದಳು.

ಮೊದಲ ಅಂಕಿಗೇ ಗದ್ದಲ ಎದ್ದಿತು. ಆ ಕಾಲದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಹುಡುಗರಿಗೆ ರೂಢಿಯಾಗಿ, ಎಷ್ಟೋ ಜನ ತಲೆಕೆಳಗಾದ ಅಂಕಿಯನ್ನೇ ಸರಾಗವಾಗಿ ಓದುತ್ತಿದ್ದರು. ಸೈಕಲ್ ಶಾಪಿನವನಿಗೆ ಅದು ಗೊತ್ತಿಲ್ಲ. ಇಣುಕಿದವನು ಬೆಚ್ಚಿ ತಲೆ ಎತ್ತಿದ. ದುರ್ಬೀನಿನೊಳಗೆ ಪೋಸ್ಟ್‌ಮಾಸ್ಟರು ಕಾಲು ಮೇಲೆ ಮಾಡಿ ನೇತಾಡುತ್ತಿದ್ದರು. ತಲೆ ಎತ್ತಿ ನೋಡಿದರೆ ಸರಿಯಾಗಿಯೇ ನಿಂತಿದ್ದರು. ಸುದ್ದಿ ಹಬ್ಬಿ ಸಾಲು ನಿಂತಿತು. ಪ್ರತಿಯೊಬ್ಬರಿಗೂ ತಮ್ಮ ಮನೆಯನ್ನು ತಲೆಕೆಳಗಾಗಿ ನೋಡುವ ಆಸೆ, ಅದಕ್ಕಿಂತ ಹೆಚ್ಚಾಗಿ ಪಕ್ಕದವರ ಮನೆಯನ್ನು. ಟೈಲರಕ್ಕ ಮಾತ್ರ ತನ್ನ ಅಂಗಡಿ ಬುಡಮೇಲಾದದ್ದನ್ನು ಕಂಡು, ಇವರ ಯೋಚನೆ ಏನೆಂದು ತನಗೆ ಗೊತ್ತಾಯಿತು ಅಂದಳು.

ಅಂತೂ ಅಳತೆ ಶುರುವಾಯಿತು. ಆಮೇಲೆ ಅದು ನಡೆದ ರೀತಿಯನ್ನು ಮಾತ್ರ ಯಾವ ಕಾಲೇಜಿನಲ್ಲೂ ಯಾರೂ ಕಂಡಿರಲಾರರು. ಒಬ್ಬರಿಗೊಬ್ಬರ ಮೇಲೆ ನಂಬಿಕೆ ಇರಲಿಲ್ಲವಲ್ಲ, ಅದೇ ಒಳ್ಳೆಯದಾಯಿತು. ಪೋಸ್ಟ್‌ಮಾಸ್ಟರು ತಮ್ಮ ಮನೆಯ ಕಡೆಗೆ ಸ್ಟಾಫು ಒಂಚೂರು ವಾಲಿಸುತ್ತಿದ್ದಾರೆಂದು ಗುಮಾನಿ ಬಂದು, ಟೈಲರಕ್ಕ ದಾರಕ್ಕೆ ಕತ್ತರಿ ಕಟ್ಟಿ ಬೀದಿಯ ಒಬ್ಬ ಹುಡುಗನ ಕೈಗೆ ಕೊಟ್ಟು, ಅದನ್ನು ಇಳಿಬಿಟ್ಟು ಸ್ಟಾಫು ನೆಟ್ಟಗಿದೆಯೇ ಎಂದು ಪ್ರತಿ ಸಲವೂ ನೋಡಿಸತೊಡಗಿದಳು. ಬಿಸಿಲಿಗೆ ಗುಳ್ಳೆ ಓಡಾಡುತ್ತದೆಂದು ಸೊನ್ನೆ ಬಾಯಿತಪ್ಪಿ ಅಂದದ್ದೇ ತಡ, ಪೋಸ್ಟ್‌ಮಾಸ್ಟರ ಕೊಡೆ ಯಂತ್ರದ ನೆತ್ತಿಯ ಮೇಲೆ ಬಿಚ್ಚಿಕೊಂಡಿತು. ಯಂತ್ರಕ್ಕೆ ಕೊಡೆ ಹಿಡಿಯಬೇಕೆಂದು ಪುಸ್ತಕದಲ್ಲಿ ಬರೆದೇ ಇತ್ತು. ಓದಿ ಪಾಸಾದವರು ಯಾರೂ ಹಿಡಿದಿರಲಿಲ್ಲ.

ಟ್ಯಾಂಕಿನ ಹತ್ತಿರ ಬ್ರೆಡ್ ಮಾರುವವನ ಸೈಕಲ್ಲು ಸ್ಟ್ಯಾಂಡಿನ ಕಾಲಿಗೆ ತಾಗಿತು. ಸೊನ್ನೆಯ ಜೀವ ಬಾಯಿಗೆ ಬಂತು. ಒಂದು ಕಾಲು ಅಲುಗಿದರೆ ಆ ಸುತ್ತಿನ ಅಂಕಿ ಮತ್ತೆ ತೆಗೆಯಬೇಕು. ತೆಗೆದದ್ದೂ ಆಯಿತು. ಆಮೇಲೆ ಬೀದಿಯವರು ಎರಡೂ ತುದಿಗೆ ಬೆಂಚು ಅಡ್ಡ ಇಟ್ಟು ರಸ್ತೆಯನ್ನೇ ಮುಚ್ಚಿಬಿಟ್ಟರು. ದಾರಿಹೋಕರು ಏನು ವಿಷಯ ಎಂದು ಕೇಳಿದರೆ, ರಸ್ತೆ ಅಗಲ ಮಾಡುತ್ತಿದ್ದಾರೆ ಎಂಬ ಉತ್ತರ ಬರುತ್ತಿತ್ತು.

ವಾಪಸಾಗುವಾಗ ಟೈಲರಕ್ಕನ ಮೆಟ್ಟಿಲ ಮೇಲೆಯೇ ಸ್ಟಾಫು ಇಡಬೇಕಾಗಿ ಬಂತು. ಸೊನ್ನೆ ಓದಿದ. ಸೈಕಲ್ ಶಾಪಿನವನು ಕೂಗಿದ, ಒಂದು ಪಾಯಿಂಟ್ ಮೂರು ಎರಡು ಐದು. ತನ್ನ ಮೆಟ್ಟಿಲಿನ ಮಾತಾದ್ದರಿಂದ ಟೈಲರಕ್ಕ ಮೂರು ಸಲ ಕೂಗಿಸಿದಳು. ಯಂತ್ರ ಅಂಗಡಿಯಿಂದ ದೂರವಿದ್ದಾಗಲೆಲ್ಲ ಅಂಕಿಗಳು ಬಾಯಿಂದ ಬಾಯಿಗೆ ಸಾಗಿ ಗೋಡೆ ತಲುಪುತ್ತಿದ್ದವು. ಬರೆದ ಮೇಲೆ ಅವಳು ಅದನ್ನು ಬಾಯಿಂದ ಬಾಯಿಗೇ ವಾಪಸು ಕಳಿಸಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಮಧ್ಯೆ ಯಾರೋ ಸೊನ್ನೆಗೆ ಚಹಾ ತಂದುಕೊಟ್ಟರು. ಇನ್ಯಾರೋ ಬನ್ನು ಕೊಟ್ಟು, ತಮ್ಮ ಕಾಂಪೌಂಡಿನ ಕಡೆ ಸ್ವಲ್ಪ ನೋಡಿಕೊಂಡು ಬರೆಯಬೇಕು ಅಂದರು. ಅವನು ಬನ್ನು ತಿಂದ, ಬರೆಯುವುದನ್ನು ಮಾತ್ರ ಇದ್ದದ್ದು ಇದ್ದಹಾಗೆ ಬರೆದ.

ಕೊನೆಯ ಅಂಕಿ ಗೇಟಿನ ಕಲ್ಲಿನ ಮೇಲೆ ಬಂತು. ಜನ ಚದುರಿದರು. ಸೊನ್ನೆ ಅದೇ ಕಲ್ಲಿನ ಮೇಲೆ ಕೂತು ಕೂಡಿದ. ಮತ್ತೆ ಕೆಳಗಿನಿಂದ ಮೇಲಕ್ಕೆ ಕೂಡಿದ. ಎರಡು ಮೊತ್ತವೂ ಅವಳಿಜವಳಿಯ ಹಾಗೆ ಒಂದೇ. ತಪ್ಪು ಸೊನ್ನೆ.

ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಇವನು ಹಾಳೆಯನ್ನು ಅವಸರದಿಂದ ಮಗುಚಿಟ್ಟ. ಹುಲಿ ಬಂತು ಹುಲಿ ಎಂದು ಸುಳ್ಳು ಕೂಗಿದ ಹುಡುಗನ ಕತೆಯನ್ನು ಚಿಕ್ಕಂದಿನಲ್ಲಿ ಅಮ್ಮ ಹೇಳಿದ್ದಳು. ಈಗ ಹುಲಿ ನಿಜವಾಗಿಯೂ ಬಂದು ಎದುರಿಗೆ ಕೂತಿತ್ತು. ಈ ಸೊನ್ನೆಯನ್ನು ತೆಗೆದುಕೊಂಡು ಹೋಗಿ ಮೇಷ್ಟ್ರ ಮುಂದೆ ಇಟ್ಟರೆ ಅವರು ಕಣ್ಣೆತ್ತಿಯೂ ನೋಡದೆ ಬಾಗಿಲು ತೋರಿಸುತ್ತಾರೆ. ಮತ್ತೊಮ್ಮೆ ಅಳೆಯಲು ಹೊತ್ತಿರಲಿಲ್ಲ.

ಅಷ್ಟರಲ್ಲಿ ತಮ್ಮ ತಂಡ ಮ್ಯಾಚು ಸೋತದ್ದಕ್ಕೆ ಜೋಲುಮುಖ ಹಾಕಿಕೊಂಡು ರೂಮ್‌ಮೇಟು ಬಂದ. ವಿಷಯ ಕೇಳಿ ಅವನಿಗೆ ಗೆದ್ದಷ್ಟು ಖುಷಿಯಾಯಿತು.

"ಮಗಾ, ನಿಜಾನ ಯಾರು ಕೇಳ್ತಾರೋ? ನಂಬೋ ಥರ ಇದ್ರೆ ಸಾಕು. ಒಂದು ಐದನ್ನ ಎಂಟು ಮಾಡು, ಮುಗೀತು."

ಸೊನ್ನೆ ತುಂಬ ಹೊತ್ತು ಪೆನ್ಸಿಲ್ ಹಿಡಿದು ಕೂತಿದ್ದ. ಇಡೀ ಬೀದಿ ಕೊಡೆ ಹಿಡಿದು, ಕತ್ತರಿ ತೂಗಿ, ಕೂಗಿ ಕೂಗಿ ಗಂಟಲು ಹರಿದುಕೊಂಡು ತಂದುಕೊಟ್ಟ ಅಂಕಿಗಳು ಅವು. ಆದರೆ ಕಣ್ಣು ಮುಚ್ಚಿದರೆ ಮಾವನ ಸ್ಟೂಲು ಕಾಣುತ್ತಿತ್ತು. ಕೊನೆಗೆ ಟೈಲರಕ್ಕನ ಮೆಟ್ಟಿಲಿನ ಐದನ್ನು ಎಂಟು ಮಾಡಿದ. ಕೆಳಗೆ ತಪ್ಪಿನ ಜಾಗದಲ್ಲಿ ಬರೆದ: ಮೂರು ಮಿಲಿಮೀಟರು.

ಮೇಷ್ಟ್ರ ಕೋಣೆಗೆ ಹೋದಾಗ ಅವರು ಎಂದಿನಂತಿರಲಿಲ್ಲ. ಎದ್ದು ನಿಂತು, ಕೂರು ಎಂದು ಕುರ್ಚಿ ತೋರಿಸಿದರು. ವಿದ್ಯಾರ್ಥಿಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕಿದ್ದು ಯಾರಿಗೂ ನೆನಪಿಲ್ಲ. ಸೊನ್ನೆ ತುದಿಯಲ್ಲಿ ಕೂತ. ಮೇಷ್ಟ್ರು ಅಕ್ಕರೆಯಿಂದ ಅವನ ಹಾಳೆಗಳನ್ನು ತೆಗೆದುಕೊಂಡರು, ಕೊನೆಯ ಸಾಲು ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಮೆಲ್ಲಗೆ ಕೂತರು.

"ಮೂರು?" ಎಂದರು.

"ಹೌದು ಸಾರ್. ಮೂರು ಮಿಲಿಮೀಟರ್ ತಪ್ಪು ಬಂತು ಸಾರ್."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಚಹಾಕ್ಕೆ ಮನೆಗೆ ಹೋಗಿ ಆ ಬೀದಿಯಲ್ಲಿ ವಾಪಸು ಬರುತ್ತಿದ್ದರಂತೆ. ಟೈಲರಕ್ಕ ತಡೆದು, ನೀವು ಓದಿದವರ ಥರ ಕಾಣುತ್ತೀರಿ, ಈ ಗೋಡೆ ನೋಡಿ ನಮ್ಮ ಮೆಟ್ಟಿಲು ಉಳಿಯುತ್ತದೋ ಇಲ್ಲವೋ ಹೇಳಿ ಅಂದಳಂತೆ. ಅದು ತಮ್ಮ ಕಾಲೇಜಿನ ಹುಡುಗನ ಪಾಠ, ರಸ್ತೆಗೂ ಅದಕ್ಕೂ ಸಂಬಂಧವಿಲ್ಲ ಎಂದು ಸಮಾಧಾನ ಹೇಳಿ ಹೊರಡಬೇಕೆಂದಿದ್ದರು. ಆದರೆ ಹಿಂದೆ ಮುಂದೆ ಎಂದು ಅಂಕಿಗಳು ಕಣ್ಣೆದುರಿಗೆ ಇದ್ದ ಮೇಲೆ ಕೂಡದೆ ಇರುವುದು ಅವರಿಂದ ಆಗಲಿಲ್ಲ.

"ನಡುಬೀದೀಲಿ ನಿಂತ್ಕೊಂಡು ಎರಡು ಸಲ ಕೂಡಿದೆ. ಸೊನ್ನೆ ಬಂತು. ನನ್ನ ಸರ್ವೀಸಲ್ಲಿ ಮೊದಲನೇ ಸಲ ನಿಜವಾದ ಸೊನ್ನೆ ನೋಡ್ದೆ ಕಣಯ್ಯಾ. ನನ್ನದೇ ತಪ್ಪು, ಸೋಮವಾರ ಕ್ಲಾಸಲ್ಲಿ ಎಲ್ಲರ ಮುಂದೆ ನಿನ್ನ ಕ್ಷಮೆ ಕೇಳ್ಬೇಕು ಅಂತ ಅಂದ್ಕೊಂಡು ಬಂದೆ."

ಸೊನ್ನೆ ಕುರ್ಚಿಯ ತುದಿಯಿಂದ ಎದ್ದು ನಿಂತ.

"ಗೋಡೆ ಮೇಲೆ ಮೆಟ್ಟಿಲಿನ ಹತ್ರ ಮೂರು ಎರಡು ಐದು ಇತ್ತು. ಇಲ್ಲಿ ಮೂರು ಎರಡು ಎಂಟು. ಐದು ಎಂಟಾಗಿದ್ದು ಎಲ್ಲಿ, ಬೀದೀಲೋ ಮಂಚದ ಮೇಲೋ?"

ಗೇಟಿನ ಕಲ್ಲಿನ ಮೇಲೆ ಎಂದು ನಿಜ ಹೇಳಬಹುದಿತ್ತು. ಹೇಳಲಿಲ್ಲ, ಅಳು ಬಂದುಬಿಟ್ಟಿತು. ನೀವು ನಂಬುವುದಿಲ್ಲ ಅಂತ ಸಾರ್ ಎಂದಷ್ಟೇ ಅಂದ. ಮೇಷ್ಟ್ರಿಗೂ ಏನೋ ಕಸಿವಿಸಿಯಾಗಿರಬೇಕು. ನಾಳೆ ಭಾನುವಾರ, ಇನ್ನೊಂದೇ ಒಂದು ಸಲ ಮಾಡು, ಏನು ಬರುತ್ತದೋ ಅದನ್ನೇ ತಂದುಕೊಡು, ಸುಳ್ಳೆಂದು ಕಂಡರೆ ಇನ್ನು ಮಾತಿಲ್ಲ ಅಂದರು.

ಮುಂದೆ ಇಂಜಿನಿಯರಾದ ಮೇಲೆ ಅವನು ಎಷ್ಟೋ ರಸ್ತೆ ಹಾಕಿಸಿದ, ಕಾಲುವೆ ತೋಡಿಸಿದ, ತಲೆ ನೆರೆತ ಮೇಲೂ ಬಿಸಿಲಲ್ಲಿ ನಿಂತು ಯಂತ್ರದಲ್ಲಿ ಇಣುಕಿದ. ಆ ಸೊನ್ನೆ ಮತ್ತೆ ಅವನ ಕೈಗೆ ಬರಲೇ ಇಲ್ಲ. ಕೆಲಸದ ಜಾಗದಲ್ಲಿ ಯಾರಾದರೂ ಯಂತ್ರಕ್ಕೆ ಕೊಡೆ ಹಿಡಿದರೆ ಸಾಕು, ಆ ಬೀದಿ ಪೂರ್ತಿ ಅವನ ಕಣ್ಣಿಗೆ ಬರುತ್ತಿತ್ತು. ತಲೆಕೆಳಗಾದ ಮನೆಗಳು, ತಲೆಕೆಳಗಾದ ಪೋಸ್ಟ್‌ಮಾಸ್ಟರು, ದಾರದಲ್ಲಿ ತೂಗುವ ಕತ್ತರಿ. ಅಷ್ಟು ಜನ ಸೇರಿ ತನಗಾಗಿ ಒಂದು ದಿನ ಬಿಸಿಲಲ್ಲಿ ನಿಂತಿದ್ದರಲ್ಲ ಎಂದುಕೊಳ್ಳುತ್ತಿದ್ದ. ಅವರು ನಿಂತದ್ದು ಅವನಿಗಾಗಿ ಅಲ್ಲ, ತಮ್ಮ ತಮ್ಮ ಮೆಟ್ಟಿಲಿಗಾಗಿ ಎಂಬುದು ಬೇರೆ ಮಾತು.

ಆ ಭಾನುವಾರ ಬೆಳಿಗ್ಗೆ ಅವನು ಮತ್ತೆ ಸ್ಟ್ಯಾಂಡು ಊರಿದಾಗ ಬೀದಿಯಲ್ಲಿ ಯಾರೂ ತಲೆ ಎತ್ತಲಿಲ್ಲ. ರಸ್ತೆ ಇಲ್ಲ, ಬರೀ ಪಾಠ ಎಂದು ಮೇಷ್ಟ್ರೇ ಹೇಳಿಹೋದ ಮೇಲೆ ಯಾರಿಗೆ ಏನು ಆಸಕ್ತಿ? ಬೇಡಿಕೊಂಡದ್ದಕ್ಕೆ ಪೋಸ್ಟ್‌ಮಾಸ್ಟರು ಸ್ಟಾಫು ಹಿಡಿದರು, ಹಿಡಿದುಕೊಂಡೇ ತೂಕಡಿಸಿದರು. ಕೊಡೆ ಜಗಲಿಯಲ್ಲೇ ಉಳಿಯಿತು. ಸೈಕಲ್ ಶಾಪಿನವನು ಟ್ಯೂಬಿನಿಂದ ಕಣ್ಣು ಕೀಳಲಿಲ್ಲ. ಸೊನ್ನೆ ಮಾತ್ರ ಒಂದೊಂದು ಅಂಕಿಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ, ಓದಿದ್ದನ್ನು ಓದಿದ ಹಾಗೇ ಬರೆದ. ಗೇಟಿನ ಕಲ್ಲಿನ ಮೇಲೆ ಕೂತು ಕೂಡಿದ. ತಪ್ಪು ಸರಿಯಾಗಿ ಮೂರು ಮಿಲಿಮೀಟರು.

ಒಂದಾಗಬಹುದಿತ್ತು, ಎರಡಾಗಬಹುದಿತ್ತು, ನಾಲ್ಕಾದರೂ ಆಗಬಹುದಿತ್ತು. ಈ ಸಲ ಅವನು ತಿದ್ದಲು ಪೆನ್ಸಿಲನ್ನು ಮುಟ್ಟಲಿಲ್ಲ. ಬಂದದ್ದನ್ನೇ ಎದೆ ಗಟ್ಟಿಮಾಡಿಕೊಂಡು ಮೇಷ್ಟ್ರ ಮನೆಗೆ ಒಯ್ದು ಕೊಟ್ಟ.

ಮೇಷ್ಟ್ರು ಓದಿ, ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು.

"ಇವತ್ತೂ ಮೂರೇನಾ?"

"ನಿಜವಾಗ್ಲೂ ಮೂರೇ ಸಾರ್. ಬೇಕಾದ್ರೆ ಗೋಡೆ..." ಎಂದು ಹೇಳಹೊರಟವನು ಅರ್ಧಕ್ಕೇ ನಿಲ್ಲಿಸಿದ. ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ಇಬ್ಬರೂ ಬೀದಿಯವರೆಗೆ ನಡೆದರು. ಟೈಲರಕ್ಕ ಅಂಗಡಿಯ ಮುಂದೆ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ಮೇಷ್ಟ್ರನ್ನು ಕಂಡು ಸಂತೋಷದಿಂದ ಎದ್ದಳು.

"ನೀವು ಹೇಳಿದ್ಮೇಲೆ ಜೀವ ನಿರಾಳ ಆಯ್ತು ಸಾರ್. ಆ ಹಾಳು ಅಂಕಿ ಎಲ್ಲಾ ಉಜ್ಜಿ ತೊಳೆದುಬಿಟ್ಟೆ. ಇವತ್ತು ಏನೂ ಬರೀಲಿಲ್ಲ, ಯಾಕ್ ಬರೀಬೇಕು?"

ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಮೇಷ್ಟ್ರು ಅದನ್ನೂ ನೋಡಿದರು, ಸೊನ್ನೆಯನ್ನೂ ನೋಡಿದರು, ಹಾಳೆಗಳನ್ನು ಸಹಿ ಹಾಕದೆ ಅವನ ಕೈಗೇ ವಾಪಸು ಕೊಟ್ಟು ಮನೆ ಕಡೆ ನಡೆದರು.

ಆ ಒಂದು ವರ್ಷ ಮಾವನ ಅಂಗಡಿಯ ಸ್ಟೂಲು ಖಾಲಿ ಉಳಿಯಲಿಲ್ಲ.